ಗಲ್ಫ್ ಇಂಟರ್‌ವ್ಯೂಗೆ ಹೊರಟ ನಮ್ಮ ಹುಡುಗರು

ನಮ್ಮಲ್ಲಿಗೆ ಹುಡುಗನೊಬ್ಬ ಕೆಲಸ ಕೇಳಿಕೊಂಡು ಬಂದರೆ ನಾವು ಕೇಳುವುದು ಎರಡೋ ಮೂರೋ ಪ್ರಶ್ನೆ. ಊರು ಯಾವುದು, ಯಾರ ಮನೆಯವ, ಮೊದಲು ಯಾವ ಹೋಟೆಲಿನಲ್ಲಿದ್ದೆ. ಅಷ್ಟಾದರೆ ಮುಗಿಯಿತು, ಸಂಜೆಯ ಹೊತ್ತಿಗೆ ಅವನು ಟೇಬಲ್ ಒರೆಸುತ್ತಿರುತ್ತಾನೆ. ಅದೇ ಹುಡುಗ ಐದಾರು ವರ್ಷ ಕಳೆದು, ಕೈ ಪಳಗಿದ ಮೇಲೆ, ಅಂಧೇರಿಯ ಯಾವುದೋ ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ ದುಬೈಯಿಂದ ಬಂದ ಶೆಫ್‌ನ ಎದುರು ಕುಳಿತಾಗ ಬಾಯಿ ಒಣಗುತ್ತದೆ. ಮುನ್ನೂರು ದೋಸೆ ಒಂದೇ ಕೈಯಲ್ಲಿ ಹೊಯ್ಯುವವನು "ನಿನ್ನ ಕೆಲಸ ಏನು ಹೇಳು" ಎಂದರೆ ತಲೆ ತಗ್ಗಿಸುತ್ತಾನೆ.

ಗಲ್ಫ್ ಎಂದಾಕ್ಷಣ ನಮ್ಮಲ್ಲಿ ಹಲವರಿಗೆ ಸಿಟ್ಟು ಬರುತ್ತದೆ. ಕಲಿಸಿದ್ದು ನಾವು, ಲಾಭ ಇನ್ನೊಬ್ಬನಿಗೆ. ಮೊದಲೇ ಊರಿನಿಂದ ಹುಡುಗರು ಬರುವುದು ನಿಂತಿದೆ. ಅಡಿಗೆಕೋಣೆಯಲ್ಲಿ ಈಗ ಒಡಿಶಾದವ, ಜಾರ್ಖಂಡಿನವ, ಅಸ್ಸಾಮಿನವ. ಇದ್ದ ಒಬ್ಬ ಒಳ್ಳೆಯ ಭಟ್ಟನೂ ಹೊರಟರೆ ಗಲ್ಲೆಯಲ್ಲಿ ಕುಳಿತವನ ಹೊಟ್ಟೆ ಉರಿಯುವುದು ಸಹಜ. ಆದರೆ ಹೋಗುವವನನ್ನು ಯಾರೂ ಹಿಡಿದು ನಿಲ್ಲಿಸಿಲ್ಲ. ನಾವೂ ಹಾಗೆಯೇ ಅಪ್ಪನ ಗದ್ದೆ ಬಿಟ್ಟು ಮುಂಬಯಿ ಬಸ್ಸು ಹತ್ತಿದವರು. ಅವನು ಹೇಳಿ ಹೋಗುತ್ತಾನೋ ಹೇಳದೆ ಹೋಗುತ್ತಾನೋ, ಸರಿಯಾದ ದಾರಿಯಲ್ಲಿ ಹೋಗುತ್ತಾನೋ ದಲ್ಲಾಳಿಯ ಕೈಗೆ ಸಿಗುತ್ತಾನೋ ಎಂಬುದು ಮಾತ್ರ ಸ್ವಲ್ಪ ನಮ್ಮ ಕೈಯಲ್ಲಿದೆ.

1973ರ ನಂತರ ತೈಲದ ಬೆಲೆ ಏರಿ ಗಲ್ಫ್ ದೇಶಗಳಲ್ಲಿ ಕಟ್ಟಡದ ಕೆಲಸ ಜೋರಾದಾಗಿನಿಂದ ಈ ಧಂದೆಯ ಹೆಬ್ಬಾಗಿಲು ಮುಂಬಯಿಯೇ. 2006ರಲ್ಲಿ ಮಂಗಳೂರಿನಿಂದಲೇ ದುಬೈ ವಿಮಾನ ಶುರುವಾಗುವ ತನಕ ದಕ್ಷಿಣ ಕನ್ನಡ, ಉಡುಪಿಯವರು ಹೆಚ್ಚಾಗಿ ಇಲ್ಲಿಗೆ ಬಂದೇ ಹತ್ತುತ್ತಿದ್ದರು. ವೀಸಾ ಬರುವವರೆಗೆ ಊರಿನವರ ರೂಮಿನಲ್ಲಿ ಮಲಗಿ, ನಮ್ಮ ಹೋಟೆಲುಗಳಲ್ಲಿ ಎರಡು ತಿಂಗಳು ಕೆಲಸ ಮಾಡಿ ಹೋದವರು ಎಷ್ಟೋ ಮಂದಿ. ಆಗ ಎರಡು ಕಾಗದಕ್ಕೆ ಬೆಲೆ, ಪಾಸ್‌ಪೋರ್ಟ್ ಮತ್ತು ಹತ್ತನೆಯ ಮಾರ್ಕ್ಸ್ ಕಾರ್ಡು. ಮುಂಬಯಿಯ ಮೊಗವೀರ, ಗುರುನಾರಾಯಣ ಮೊದಲಾದ ರಾತ್ರಿ ಪ್ರೌಢಶಾಲೆಗಳಲ್ಲಿ ಹಗಲು ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಕುಳಿತು ಕಲಿತದ್ದು ನಮಗೆಲ್ಲ ಗೊತ್ತಿದೆ. ನಾವೂ ಹತ್ತನೆಯನ್ನು ಹಾಗೆಯೇ ಮುಗಿಸಿದ್ದು, ಲೆಕ್ಕದ ಪುಸ್ತಕದ ಮೇಲೆ ನಿದ್ದೆ ತೂಗಿಕೊಂಡು.

ಈ ಹತ್ತನೆಯ ವಿಷಯದಲ್ಲಿ ಒಂದು ತಿರುವು ಇದೆ. ಇದನ್ನು ಸರಿಯಾಗಿ ತಿಳಿದ ಹೋಟೆಲು ಮಾಲಕರು ಕಡಿಮೆ. ಹತ್ತನೆ ಪಾಸಾಗದವನ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದು ಬರುತ್ತದೆ. ಎಂದರೆ ಯುಎಇ, ಸೌದಿ, ಕುವೈಟ್, ಕತಾರ್, ಒಮಾನ್, ಬಹರೈನ್, ಮಲೇಷ್ಯಾ ಸೇರಿ ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಅನುಮತಿ ಬೇಕು. ಮಾಲಕ ಯಾರು, ಸಂಬಳ ಎಷ್ಟು, ಕರಾರು ಏನು ಎಂದು ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿ ನೋಡುತ್ತದೆ. ಮುಂಬಯಿಯಲ್ಲಿ ಆ ಕಚೇರಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ 2017ರಲ್ಲಿ ತೆರೆದ ವಿದೇಶ ಭವನಕ್ಕೆ ಸೇರಿತು. ಅನುಮತಿಯ ಜತೆಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆ ಎಂಬ 10 ಲಕ್ಷ ರೂಪಾಯಿಯ ವಿಮೆಯೂ ಕಡ್ಡಾಯ. 2017ರ ಪರಿಷ್ಕರಣೆಯಲ್ಲಿ ಅದಕ್ಕೆ ನಿಗದಿಯಾದ ಕಂತು ಎರಡು ವರ್ಷಕ್ಕೆ 275 ರೂಪಾಯಿ.

ಹತ್ತನೆ ಪಾಸಾದವನಿಗೆ ಈ ಯಾವ ತಪಾಸಣೆಯೂ ಇಲ್ಲ. ಓದಿದವನು, ಅವನನ್ನು ಅವನೇ ನೋಡಿಕೊಳ್ಳುತ್ತಾನೆ ಎಂದು ಸರಕಾರದ ಲೆಕ್ಕ. ಇಂದು ಊರಿನಿಂದ ಬರುವ ಹುಡುಗರಲ್ಲಿ ಹತ್ತನೆ ಆಗದವರು ಎಷ್ಟಿದ್ದಾರೆ? ಪಿಯುಸಿ ಆದವನು ನಮ್ಮಲ್ಲಿ ಸಪ್ಲಾಯರ್, ಬಿಕಾಂ ಆದವನು ಕ್ಯಾಷಿಯರ್. ಅಂದರೆ ನಮ್ಮ ಹೆಚ್ಚಿನ ಹುಡುಗರ ಕರಾರನ್ನು ವಿಮಾನ ಹತ್ತುವ ಮೊದಲು ಯಾವ ಅಧಿಕಾರಿಯೂ ಓದುವುದಿಲ್ಲ. ಓದುವವರಿದ್ದರೆ ಅದು ನಾವೇ ಆಗಬೇಕು.

ನಮ್ಮ ಹೋಟೆಲಿನಲ್ಲೇ ನಡೆದದ್ದು ಹೇಳುತ್ತೇವೆ. ಕುಂದಾಪುರದ ಕಡೆಯ ಹುಡುಗ, ಐದು ವರ್ಷ ಇದ್ದ, ಕೈ ಶುದ್ಧ, ಗಿರಾಕಿಗಳಿಗೂ ಪ್ರೀತಿ. ತಂಗಿಯ ಮದುವೆ ಇದೆ ಎಂದು ರಜೆ ಹಾಕಿ ಹೋದವನು ಬರಲಿಲ್ಲ. ಮೂರು ತಿಂಗಳಾದ ಮೇಲೆ ಶಾರ್ಜಾದಿಂದ ಫೋನು. "ಸೇಟ್ರೇ, ಏಜೆಂಟ್ ವಿಸಿಟ್ ವೀಸಾದಲ್ಲಿ ಕಳಿಸಿದ್ದು ಮಾರಾಯ್ರೆ, ಇಲ್ಲಿ ಬಂದ ಮೇಲೆ ಗೊತ್ತಾಯ್ತು" ಎಂದ. ವೇಟರ್ ಕೆಲಸವೆಂದು ಹೇಳಿ ಪಾತ್ರೆ ತೊಳೆಯಲು ಹಾಕಿದ್ದರು, ಅದೂ ಕಳ್ಳತನದಲ್ಲಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಮ್ ದಂಡ ಬೇರೆ. ಏಜೆಂಟನಿಗೆ ಕೊಟ್ಟದ್ದು 1 ಲಕ್ಷ 10 ಸಾವಿರ, ತಾಯಿಯ ಚಿನ್ನ ಅಡವಿಟ್ಟು. ರಶೀದಿ ಇಲ್ಲ. ಆ ಏಜೆಂಟನ ಆಫೀಸಿಗೆ ನಾವು ಇಬ್ಬರು ಮಾಲಕರು ಹೋಗಿ ನೋಡಿದೆವು. ಬೋರ್ಡೂ ಇಲ್ಲ, ಮನುಷ್ಯನೂ ಇಲ್ಲ, ಪಕ್ಕದ ಜೆರಾಕ್ಸ್ ಅಂಗಡಿಯವ "ಅವರು ಖಾಲಿ ಮಾಡಿ ಹದಿನೈದು ದಿನವಾಯ್ತು" ಎಂದ. ಹುಡುಗ ಟಿಕೆಟಿಗೆ ಮತ್ತೆ ಸಾಲ ಮಾಡಿ ಬಂದ.

ಹುಡುಗ ನಮಗೆ ಹೇಳದೆ ಹೋದದ್ದೇಕೆ? ಹೇಳಿದರೆ ಸಂಬಳ ಹಿಡಿದಿಡುತ್ತಾರೆ, ಬೇರೆ ಹುಡುಗರ ಎದುರು ಬಯ್ಯುತ್ತಾರೆ ಎಂಬ ಮಾತು ರೂಮಿನಲ್ಲಿ ಯಾವಾಗಲೂ ಇರುತ್ತದೆ. ನಮ್ಮ ಕೆಲವು ಬಂಧುಗಳು ಹುಡುಗರ ಪಾಸ್‌ಪೋರ್ಟನ್ನೇ ಗಲ್ಲೆಯಲ್ಲಿ ಇಟ್ಟುಕೊಳ್ಳುವುದುಂಟು. ಸುರಕ್ಷಿತವಾಗಿರಲಿ ಎಂದು ಕಾರಣ ಹೇಳುತ್ತಾರೆ. 1967ರ ಕಾನೂನಿನ ಪ್ರಕಾರ ಪಾಸ್‌ಪೋರ್ಟ್ ಭಾರತ ಸರಕಾರದ ಸೊತ್ತು. ನಾವೇ ಇಲ್ಲಿ ಹಾಗೆ ಮಾಡಿ, ಅಲ್ಲಿಯ ಅರಬನು ಪಾಸ್‌ಪೋರ್ಟ್ ಕಿತ್ತುಕೊಂಡ ಎಂದು ಬಯ್ಯುವುದು ಯಾವ ನ್ಯಾಯ?

ಏಜೆಂಟರ ವಿಷಯ. 1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ ಸರಕಾರದ ನೋಂದಣಿ ಇಲ್ಲದೆ ಯಾರೂ ವಿದೇಶದ ಕೆಲಸಕ್ಕೆ ಜನ ಸೇರಿಸುವಂತಿಲ್ಲ. (ಇದರ ಬದಲಿಗೆ ಹೊಸ ಕಾನೂನಿನ ಕರಡನ್ನು ಕೇಂದ್ರ ಸರಕಾರ 2025ರಲ್ಲಿ ಹೊರಡಿಸಿದೆ, ಅದರ ಮೇಲೆಯೂ ಕಣ್ಣಿರಲಿ.) ನೋಂದಾಯಿತ ಏಜೆಂಟನಿಗೆ ಲೈಸೆನ್ಸ್ ನಂಬರು ಇರುತ್ತದೆ, ಮುಂಬಯಿಯವನಾದರೆ ನಂಬರಿನ ನಡುವೆ ಎಂ, ಯು, ಎಂ ಎಂಬ ಅಕ್ಷರಗಳಿರುತ್ತವೆ. 'ಅಸೈನ್‌ಮೆಂಟ್ಸ್ ಅಬ್ರಾಡ್ ಟೈಮ್ಸ್' ಪೇಪರು ನಮ್ಮ ಹುಡುಗರ ದಿಂಬಿನ ಕೆಳಗೆ ಇರುವುದನ್ನು ನೀವು ನೋಡಿರಬಹುದು. ಜಾಹೀರಾತಿನಲ್ಲಿ ಸಂಬಳ ಮಾತ್ರ ನೋಡಬೇಡ, ಆ ನಂಬರು ನೋಡು ಎಂದು ಹೇಳಿ. ವಿದೇಶಾಂಗ ಸಚಿವಾಲಯದ ಇಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಕಳ್ಳ ಏಜೆಂಟರ ಪಟ್ಟಿಯೂ ಇದೆ. ಹುಡುಗನ ಮೊಬೈಲಿನಲ್ಲೇ ಎರಡು ನಿಮಿಷದ ಕೆಲಸ. ಲೈಸೆನ್ಸ್ ಅಮಾನತಾಗಿದ್ದರೆ ಅದೂ ಅಲ್ಲಿ ಗೊತ್ತಾಗುತ್ತದೆ. ಬೇರೆಯವರ ನಂಬರನ್ನು ತನ್ನದೆಂದು ಹಾಕುವವರೂ ಇದ್ದಾರೆ. ಆದ್ದರಿಂದ ಪಟ್ಟಿಯಲ್ಲಿರುವ ವಿಳಾಸವೂ ಕುಳಿತ ಆಫೀಸಿನ ವಿಳಾಸವೂ ಒಂದೇ ಹೌದೋ ಎಂದು ನೋಡಿ.

ಹಣದ ಮಾತು. ಏಜೆಂಟನು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ನಿಯಮದಲ್ಲಿ ಇರುವ ಮಿತಿ 30,000 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಒಟ್ಟು 35,400. ಅದಕ್ಕೆ ರಶೀದಿ ಕೊಡಬೇಕು. ಇದಕ್ಕಿಂತ ಹೆಚ್ಚು ಕೇಳಿದವನು ಎಷ್ಟೇ ದೊಡ್ಡ ಆಫೀಸು ಹಾಕಿರಲಿ, ಎಸಿ ಇರಲಿ, ಕಾನೂನು ಮೀರಿದವನೇ. ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲಿ ನೇಮಕಾತಿಯ ಖರ್ಚನ್ನು ನೌಕರನಿಂದ ವಸೂಲು ಮಾಡುವಂತಿಲ್ಲ ಎಂದೇ ಬರೆದಿದೆ. ಇನ್ನೊಂದು ಉಪಾಯ ಹೀಗಿದೆ. ಇಂಟರ್‌ವ್ಯೂ ಆಗುವ ಮೊದಲೇ ಮೆಡಿಕಲ್ ಮಾಡಿಸು ಎಂದು ಕಳಿಸುತ್ತಾರೆ. ಸೆಲೆಕ್ಷನ್ ಆಗಿ ಆಫರ್ ಲೆಟರ್ ಕೈಗೆ ಬರುವ ತನಕ ಮೆಡಿಕಲ್‌ಗೆ ಒಂದು ಪೈಸೆಯೂ ಬೇಡ.

ಹಡಗಿನ ಅಡಿಗೆ ಕೆಲಸಕ್ಕೆ ಹೋಗುವವರ ದಾರಿ ಬೇರೆ. ಅದಕ್ಕೆ ಡೈರೆಕ್ಟರ್ ಜನರಲ್ ಆಫ್ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರುವ ಕಂಪೆನಿಯೇ ಆಗಬೇಕು. ಅಲ್ಲಿ ಕೆಲಸ ಕೊಡಿಸಿದ್ದಕ್ಕೆ ಹುಡುಗನಿಂದ ಫೀಸು ತೆಗೆದುಕೊಳ್ಳುವಂತೆಯೇ ಇಲ್ಲ. ನಮ್ಮಲ್ಲಿರುವ ನೇಪಾಳದ ಹುಡುಗರಿಗೆ ಭಾರತದ ಈ ವ್ಯವಸ್ಥೆ ಅನ್ವಯಿಸುವುದಿಲ್ಲ, ಅವರಿಗೆ ಅವರ ಸರಕಾರದ ಶ್ರಮ ಅನುಮತಿ ಬೇಕು. ಲಂಡನ್‌ನಲ್ಲಿ ಭಟ್ಟರ ಕೆಲಸ ಎಂದು ಹೇಳಿಕೊಂಡು ಬರುವವರನ್ನು ಈಗ ಬಾಗಿಲಿನಲ್ಲೇ ನಿಲ್ಲಿಸಬಹುದು. 2025ರ ಜುಲೈಯಲ್ಲಿ ಬ್ರಿಟನ್ ಹೊಸದಾಗಿ ಬರುವವರಿಗೆ ಕೊಡುವ ಕುಶಲ ನೌಕರರ ವೀಸಾದ ಪಟ್ಟಿಯಿಂದ ಶೆಫ್ ಕೆಲಸವನ್ನು ತೆಗೆದುಹಾಕಿತು. ಎಲ್ಲಕ್ಕಿಂತ ಭಯಂಕರ ರಷ್ಯಾದ್ದು. ಸೆಕ್ಯೂರಿಟಿ ಕೆಲಸ, ಸಹಾಯಕನ ಕೆಲಸ ಎಂದು ನಂಬಿ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನ್ ಯುದ್ಧದ ಗಡಿಯಲ್ಲಿ ಸಿಕ್ಕಿಬಿದ್ದ ಸುದ್ದಿ 2024ರ ಆರಂಭದಲ್ಲಿ ಬಂತು. ಅದೇ ಮಾರ್ಚ್‌ನಲ್ಲಿ ಸಿಬಿಐ ಹಲವು ಊರುಗಳಲ್ಲಿ ಶೋಧ ನಡೆಸಿತು, ಮುಂಬಯಿಯೂ ಅದರಲ್ಲಿ ಒಂದು. ಆ ಹುಡುಗರು ಜೀವಸಹಿತ ಮರಳಿದ್ದು ಸೆಪ್ಟೆಂಬರ್‌ನಲ್ಲಿ.

ಇನ್ನು ಇಂಟರ್‌ವ್ಯೂ ತಯಾರಿ. ಇದು ನಮ್ಮ ಅಡಿಗೆಕೋಣೆಯಲ್ಲೇ ಆಗುವ ಕೆಲಸ, ಖರ್ಚೂ ಇಲ್ಲ.

ನಮ್ಮ ಭಟ್ಟನು ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಊಟ, ಸಂಜೆ ದೋಸೆ ಎಲ್ಲ ಮಾಡುತ್ತಾನೆ. ಅಲ್ಲಿ ಅಂಥ ಹುದ್ದೆ ಇಲ್ಲ. ಕಾಮಿ ಒಂದು, ಎರಡು, ಮೂರು, ಅದರ ಮೇಲೆ ಶೆಫ್ ದ ಪಾರ್ಟಿ ಎಂದು ಮೆಟ್ಟಿಲು. ಸೌತ್ ಇಂಡಿಯನ್ ಕಾಮಿ ಎಂದು ಕರೆದಿದ್ದರೆ ಯಾವ ಮೆಟ್ಟಿಲಿಗೆ ಕರೆದಿದ್ದಾರೆ ಎಂಬುದು ಅವನಿಗೆ ಗೊತ್ತಿರಬೇಕು. ಮೂರನೆಯದಕ್ಕೆ ಸಹಿ ಹಾಕಿ ಒಂದನೆಯದರ ಕೆಲಸ ಮಾಡುವವರು ಬಹಳ.

ಟ್ರೇಡ್ ಟೆಸ್ಟಿನಲ್ಲಿ ನಮ್ಮವರು ಸೋಲುವುದು ಕೈಯಿಂದ ಅಲ್ಲ, ಲೆಕ್ಕದಿಂದ. ಹತ್ತು ಲೀಟರ್ ಸಾಂಬಾರಿಗೆ ಎಷ್ಟು ತೊಗರಿಬೇಳೆ ಎಂದು ಶೆಫ್ ಕೇಳುತ್ತಾನೆ. ನಮ್ಮವನು "ಅಂದಾಜಿಗೆ ಎರಡು ಡಬ್ಬ" ಎನ್ನುತ್ತಾನೆ. ಯಾವ ಡಬ್ಬ? ಡಾಲ್ಡಾ ಡಬ್ಬವೋ ಅಮೂಲ್ ಡಬ್ಬವೋ ಅವನಿಗೇ ಗೊತ್ತು! ಅಲ್ಲಿ ಪ್ರತಿ ತಿಂಡಿಗೂ ಗ್ರಾಂ ಲೆಕ್ಕದ ಕಾಗದ ಇರುತ್ತದೆ, ಖರ್ಚು ಹಾಕುವುದೂ ಅದರ ಮೇಲೆ. ಒಂದು ವಾರ ನಮ್ಮ ತೂಕದ ಯಂತ್ರವನ್ನು ಭಟ್ಟನ ಪಕ್ಕ ಇಡಿ. ಕೈಯಲ್ಲಿ ಹಾಕುವ ಉಪ್ಪು, ಮೆಂತೆ, ಉದ್ದು ಎಲ್ಲ ತೂಗಿ ಬರೆದುಕೊಳ್ಳಲಿ. (ಆ ಕಾಗದದ ಒಂದು ಪ್ರತಿ ನಿಮ್ಮ ಹತ್ತಿರ ಉಳಿದರೆ ಅವನು ಹೋದ ಮೇಲೆ ಸಾಂಬಾರಿನ ರುಚಿ ಅಲ್ಲೇ ಉಳಿಯುತ್ತದೆ. ನಮಗೆ ಈ ಉಪಕಾರ ಆಗಿದೆ.)

ಶುಚಿತ್ವದ ಪ್ರಶ್ನೆ ಬಂದೇ ಬರುತ್ತದೆ. ಫ್ರಿಜ್ಜಿನ ಒಳಗೆ 5 ಡಿಗ್ರಿ ಅಥವಾ ಕಡಿಮೆ, ಬಿಸಿ ಪದಾರ್ಥ 60ರ ಮೇಲೆ, ನಡುವೆ ಇಟ್ಟರೆ ಕೆಡುತ್ತದೆ. ಹಸಿ ಮಾಂಸಕ್ಕೆ ಕೆಂಪು ಹಲಗೆ, ಮೀನಿಗೆ ನೀಲಿ, ಸಲಾಡು ಹಣ್ಣಿಗೆ ಹಸಿರು. ಮೊದಲು ಬಂದ ಮಾಲು ಮೊದಲು ಖಾಲಿ. ಗೇರುಬೀಜ, ಕಡಲೆಬೀಜ, ಹಾಲು ಯಾವುದರಲ್ಲಿದೆ ಎಂದು ಗಿರಾಕಿ ಕೇಳಿದರೆ ಹೇಳಲು ಬರಬೇಕು. ಎಫ್‌ಎಸ್‌ಎಸ್‌ಎಐಯ ಫೋಸ್ಟ್ಯಾಕ್ ತರಬೇತಿ 2017ರಲ್ಲಿ ಶುರುವಾಯಿತು, 25 ಕೆಲಸಗಾರರಿಗೆ ಒಬ್ಬ ತರಬೇತಿ ಪಡೆದವನು ಇರಬೇಕೆಂದು ನಿಯಮ. ಅದನ್ನು ನಾವು ಸಾಮಾನ್ಯವಾಗಿ ಮ್ಯಾನೇಜರನಿಗೆ ಮಾಡಿಸಿ ಸರ್ಟಿಫಿಕೇಟನ್ನು ಗೋಡೆಗೆ ತೂಗಿಹಾಕುತ್ತೇವೆ. ಭಟ್ಟನಿಗೂ ಮಾಡಿಸಿದರೆ ಇಲ್ಲಿದ್ದಷ್ಟು ದಿನ ನಮಗೆ ಲಾಭ, ಹೋದರೆ ಅವನ ಫೈಲಿನಲ್ಲಿ ಒಂದು ಕಾಗದ.

ವೇಟರಿಗೆ ದೊಡ್ಡ ತೊಡಕು ನಮ್ಮ ಬಂಬೈಯಾ ಹಿಂದಿ. "ತೇರೇಕೋ ಕ್ಯಾ ಮಂಗ್ತಾ" ಎಂದು ಘಾಟ್‌ಕೋಪರಿನಲ್ಲಿ ಕೇಳಿದರೆ ಗಿರಾಕಿ ನಗುತ್ತಾನೆ, ಅಲ್ಲಿ ಹಾಗೆ ಕೇಳಿದರೆ ಆಗಲಿಕ್ಕಿಲ್ಲ. ಇಂಗ್ಲಿಷಿನಲ್ಲಿ ಭಾಷಣ ಬೇಡ. ಸ್ವಾಗತ ಹೇಳುವುದು, ಆರ್ಡರನ್ನು ತಿರುಗಿ ಓದಿ ಹೇಳುವುದು, ತಡವಾದರೆ ಕ್ಷಮೆ ಕೇಳುವುದು, ಬಿಲ್ಲು ಕೊಡುವುದು, ಇಷ್ಟಕ್ಕೆ ಮೂವತ್ತು ನಲವತ್ತು ವಾಕ್ಯ ಸಾಕು. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ನಮಗೆಲ್ಲ ಗಿರಾಕಿ ಕಡಿಮೆ. ಆಗ ಕೂರಿಸಿ ಕೇಳಿ. ಒಂದು ಮಾತು, ಅವನ ಸೇಟ್ ತಾನೇ ಕೇಳಬಾರದು. ನಮ್ಮ ಎದುರು ಅವನಿಗೆ ಬಾಯಿ ಬರುವುದಿಲ್ಲ, ಇಲ್ಲವೇ ನಗು ಬರುತ್ತದೆ. ಪಕ್ಕದ ಹೋಟೆಲಿನ ಮಾಲಕರನ್ನು ಕರೆಯಿರಿ, ಅವರ ಹುಡುಗನನ್ನು ನೀವು ಕೇಳಿ. ಚೆಂಬೂರಿನಲ್ಲಿ ನಾವು ಮೂರು ಹೋಟೆಲಿನವರು ಹೀಗೆ ಮಾಡಿ ನೋಡಿದ್ದೇವೆ. ಎರಡನೆಯ ದಿನಕ್ಕೇ ಹುಡುಗ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಾನೆ. ಸಂಘದ ಕಚೇರಿಯಲ್ಲಿ ತಿಂಗಳಿಗೊಂದು ಮಧ್ಯಾಹ್ನ ಇದಕ್ಕೆ ಕೊಟ್ಟರೆ ಉಪನಗರದವರಿಗೂ ಅನುಕೂಲ, ಕಾರ್ಯಕಾರಿ ಸಮಿತಿ ಆಲೋಚಿಸಬೇಕೆಂದು ವಿನಂತಿ.

ಸಂಬಳ ಎಷ್ಟು ಎಂದು ಕೇಳಲು ನಮ್ಮ ಹುಡುಗರಿಗೆ ನಾಚಿಕೆ. ಕೇಳಲೇಬೇಕು, ಅದೂ ಬೇಸಿಕ್ ಎಷ್ಟು ಎಂದು. ಉದಾಹರಣೆಗೆ 1,500 ದಿರ್ಹಮ್ ಎಂದು ಬಾಯಲ್ಲಿ ಹೇಳಿ ಕರಾರಿನಲ್ಲಿ ಬೇಸಿಕ್ 800, ಉಳಿದದ್ದು ಅಲೋವೆನ್ಸ್ ಎಂದು ಬರೆದಿದ್ದಾರೆ ಎನ್ನಿ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ಪ್ರತಿ ವರ್ಷ 21 ದಿನದ ಬೇಸಿಕ್ ಗ್ರಾಚ್ಯುಟಿ. 800ಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 560, 1,500ಕ್ಕೆ ಹಾಕಿದರೆ 1,050. ನಾಲ್ಕು ವರ್ಷಕ್ಕೆ ಎಷ್ಟು ಹೋಯಿತು ನೋಡಿ. ಊಟ, ವಸತಿ ಯಾರದು? ನಮ್ಮಲ್ಲಿ ಅದು ಸಂಬಳದ ಹೊರಗೆ, ಹುಡುಗನಿಗೆ ಅದರ ಬೆಲೆ ಗೊತ್ತೇ ಇಲ್ಲ. ಅಲ್ಲಿ ಕೈಯಿಂದ ಕೊಡಬೇಕಾದರೆ ಇಲ್ಲಿಯ ಸಂಬಳವೇ ಮೇಲು ಎಂದಾಗಬಹುದು. ಎರಡನ್ನೂ ಒಂದು ಕಾಗದದಲ್ಲಿ ಕೂಡಿಸಿ ಕಳೆದು ತೋರಿಸಿದ ಮೇಲೆ ನಮ್ಮ ಒಬ್ಬ ಹುಡುಗ ಉಳಿದೇಬಿಟ್ಟ! ಯುಎಇಯಲ್ಲಿ ಆಫರ್ ಲೆಟರ್ ನೌಕರನಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 2016ರಲ್ಲಿ ನಿಯಮ ತಂದರು. ಆಗ ಮಾಡಿದ ಹನ್ನೊಂದು ಭಾಷೆಗಳ ಪಟ್ಟಿಯಲ್ಲಿ ಹಿಂದಿ, ಮಲಯಾಳ, ತಮಿಳು ಇದ್ದವು, ಕನ್ನಡ ಇರಲಿಲ್ಲ. ನಮ್ಮವನು ಹಿಂದಿಯ ಪ್ರತಿ ಕೇಳಲಿ, ಓದಿ ಸಹಿ ಹಾಕಲಿ.

ಕೊನೆಗೆ ನಮ್ಮ ಕೈಯ ಕಾಗದ, ಅನುಭವ ಪತ್ರ. ಇದನ್ನು ಕೊಡದೆ ಸತಾಯಿಸುವ ಮಾಲಕರ ಹುಡುಗರು ಐನೂರು ರೂಪಾಯಿಗೆ ಸುಳ್ಳು ಲೆಟರ್‌ಹೆಡ್ ಮಾಡಿಸಿಕೊಳ್ಳುತ್ತಾರೆ, ನಮ್ಮದೇ ಹೋಟೆಲಿನ ಹೆಸರಿನಲ್ಲಿ. ಅದಕ್ಕಿಂತ ನಿಜವಾದದ್ದನ್ನು ಕೊಡುವುದು ಮೇಲಲ್ಲವೇ? ಲೆಟರ್‌ಹೆಡ್ಡಿನಲ್ಲಿ ಎಫ್‌ಎಸ್‌ಎಸ್‌ಎಐ ನಂಬರು, ಜಿಎಸ್‌ಟಿ ನಂಬರು, ಸೇರಿದ ತಾರೀಕು, ಬಿಟ್ಟ ತಾರೀಕು, ಏನು ಕೆಲಸ, ಹೋಟೆಲಿನಲ್ಲಿ ಎಷ್ಟು ಸೀಟು ಎಂದು ಬರೆಯಿರಿ. ಎರಡು ವರ್ಷ ಇದ್ದವನಿಗೆ ಆರು ಎಂದು ಬರೆಯಬೇಡಿ. ತವೆಯ ಎದುರು ನಿಂತ ಐದು ನಿಮಿಷದಲ್ಲಿ ಶೆಫ್‌ಗೆ ಗೊತ್ತಾಗುತ್ತದೆ, ಆಮೇಲೆ ನಮ್ಮ ಹೋಟೆಲಿನಿಂದ ಬರುವ ಯಾರ ಪತ್ರಕ್ಕೂ ಬೆಲೆ ಇಲ್ಲ. ವಿಚಾರಿಸಲು ಅಲ್ಲಿಂದ ಫೋನು ಬರುತ್ತದೆ. ಗಲ್ಲೆಯಲ್ಲಿ ಕೂರುವವನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ "ಅಂಥ ಹೆಸರಿನವ ಇಲ್ಲಿ ಯಾರೂ ಇಲ್ಲ" ಎಂದು ಇಟ್ಟುಬಿಡುತ್ತಾನೆ.

ಹೆಸರಿನದ್ದೇ ಇನ್ನೊಂದು ತಾಪತ್ರಯ. ಹೋಟೆಲಿನಲ್ಲಿ ಸುರೇಶ, ಆಧಾರಿನಲ್ಲಿ ಸುರೇಂದ್ರ, ಪಾಸ್‌ಪೋರ್ಟಿನಲ್ಲಿ ಸುರೇಂದ್ರ ಮಾತ್ರ, ಮನೆತನದ ಹೆಸರಿನ ಜಾಗ ಖಾಲಿ. 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್, ಟೂರಿಸ್ಟ್ ವೀಸಾ ನಿಲ್ಲಿಸಿದಾಗ ನಮ್ಮೂರಿನ ಎಷ್ಟೋ ಮಂದಿ ವಿಮಾನ ನಿಲ್ದಾಣದ ತನಕ ಹೋಗಿ ತಿರುಗಿ ಬರುವ ಸ್ಥಿತಿ ಬಂದಿತ್ತು. ಮೂರೂ ಕಾಗದದಲ್ಲಿ ಹೆಸರು ಒಂದೇ ಇರುವಂತೆ ಅರ್ಜಿ ಹಾಕುವ ಮೊದಲೇ ಸರಿಮಾಡಿಸಿ, ನಮ್ಮ ಪತ್ರದಲ್ಲೂ ಪಾಸ್‌ಪೋರ್ಟಿನ ಹೆಸರನ್ನೇ ಬರೆಯಿರಿ.

ಹೊರಡುವ ಹಿಂದಿನ ದಿನ ಹುಡುಗನಿಂದ ನಾಲ್ಕು ಜೆರಾಕ್ಸ್ ತೆಗೆದಿರಿಸಿಕೊಳ್ಳಿ: ಪಾಸ್‌ಪೋರ್ಟ್, ವೀಸಾ, ಸಹಿ ಹಾಕಿದ ಕರಾರು, ಏಜೆಂಟನ ರಶೀದಿ. ವೀಸಾದ ಮೇಲೆ ವಿಸಿಟ್ ಅಥವಾ ಟೂರಿಸ್ಟ್ ಎಂದು ಕಂಡರೆ ಆಗಲೇ ನಿಲ್ಲಿಸಿ, ಟಿಕೆಟಿನ ಹಣ ಹೋದರೂ ಹೋಗಲಿ. ಅಲ್ಲಿ ತೊಂದರೆಯಾದರೆ ಊರಿನಲ್ಲಿರುವ ತಾಯಿಗೆ ಯಾರನ್ನು ಕೇಳಬೇಕೆಂದು ಗೊತ್ತಿರುವುದಿಲ್ಲ, ಫೋನು ನಮಗೇ ಬರುತ್ತದೆ. ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ನಂಬರು 1800 11 3090. ದುಬೈಯ ಕೇಂದ್ರದ್ದು ಅಲ್ಲಿಂದ ಮಾಡುವುದಾದರೆ 800 46342. ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ಬರೆಯುವಾಗ ಪಾಸ್‌ಪೋರ್ಟ್ ನಂಬರು, ಕೆಲಸದ ಜಾಗದ ವಿವರ ಕೇಳುತ್ತಾರೆ. ಈ ಜೆರಾಕ್ಸ್‌ಗಳ ಒಂದು ಫೈಲು ಎಫ್‌ಎಸ್‌ಎಸ್‌ಎಐ ಫೈಲಿನ ಪಕ್ಕದಲ್ಲೇ ಇರಲಿ, ನಾವಿಲ್ಲದ ದಿನ ಕ್ಯಾಷಿಯರನ ಕೈಗೂ ಸಿಗುವ ಹಾಗೆ.